ಸಹಿಷ್ಣುತೆಯಲ್ಲಿರುವ ‘ಸಹ’ ಯಾವುದು?

ಬೇರೆ ಬೇರೆ ಧರ್ಮದವರ ಒಡನಾಟದ ಬಗ್ಗೆ ಯಾರೇ ಬರೆಯಲಿ, ಈ ವಿವರಣೆ ತಪ್ಪದೆ ಬರುತ್ತದೆ: ‘ಸಹ ಅಂದರೆ ಜೊತೆ, ಆದ್ದರಿಂದ ಸಹಿಷ್ಣುತೆ ಅಂದರೆ ಜೊತೆಯಾಗಿ ಬಾಳುವುದು.’ ಮೊನ್ನೆಯೂ ಒಂದು ಕಡೆ ಓದಿದೆ. ಕೇಳಲು ಚೆಂದ, ಆದರೆ ತಪ್ಪು.

‘ಜೊತೆ’ ಎಂಬ ಅರ್ಥದ ಸಹ ಇರುವುದು ಸಹಬಾಳ್ವೆ, ಸಹಪಾಠಿಗಳಲ್ಲಿ. ಸಹಿಷ್ಣುತೆ ಬಂದಿರುವುದು ‘ಸಹ್’ ಧಾತುವಿನಿಂದ. ತಾಳಿಕೊಳ್ಳು ಎಂದು ಅದರ ಅರ್ಥ. ಸಹನೆ, ಸಹಿಸು, ದುಸ್ಸಹ ಎಲ್ಲ ಇದೇ ಮನೆಯವು. ಅಸಹ್ಯವೂ ಅಷ್ಟೇ: ಈಗ ಹೇಸಿಗೆ ಎಂದು ಬಳಸುತ್ತೇವೆ, ಮೂಲದಲ್ಲಿ ಅದು ‘ತಾಳಲಾಗದ್ದು’. ವೇದದ ಭಾಷೆಯಲ್ಲಿ ಈ ಧಾತುವಿಗೆ ಮಣಿಸು, ಗೆಲ್ಲು ಎಂಬ ಅರ್ಥವೂ ಇತ್ತು. ‘ಸಹಸ್’ ಅಂದರೆ ಬಲ, ಸಾಹಸ ಹುಟ್ಟಿದ್ದು ಅದರಿಂದ. ಹಾಗಾಗಿ ತಾಳುವುದನ್ನು ಕೈಲಾಗದವರ ಕೆಲಸ ಅಂತ ಹೀಗಳೆಯುವವರೂ ಸ್ವಲ್ಪ ನಿಘಂಟು ನೋಡಬೇಕು. ಇನ್ನು ‘ಇಷ್ಣು’ ಪ್ರತ್ಯಯ ಸ್ವಭಾವವನ್ನು ಹೇಳುತ್ತದೆ. ವರ್ಧಿಷ್ಣು ಅಂದರೆ ಬೆಳೆಯುವ ಸ್ವಭಾವದ್ದು, ಸಹಿಷ್ಣು ಅಂದರೆ ತಾಳುವ ಸ್ವಭಾವದವರು. ಒಂದು ದಿನ ಹಲ್ಲುಕಚ್ಚಿ ಸುಮ್ನಿದ್ದರೆ ಆ ಹೆಸರು ಸಿಗುವುದಿಲ್ಲ.

ಕನ್ನಡದ್ದೇ ಬೇಕೆಂದರೆ ಸೈರಣೆ ಇದೆ. ಪರವಿಚಾರವನ್ನೂ ಪರಧರ್ಮವನ್ನೂ ಸೈರಿಸಬಲ್ಲುದೇ ‘ಕಸವರ’, ಅಂದರೆ ಚಿನ್ನ, ಎನ್ನುತ್ತದೆ 9ನೇ ಶತಮಾನದ ಕವಿರಾಜಮಾರ್ಗ. ಅಲ್ಲಿನ ‘ಪರ’ ಗಮನಿಸಿ. ಇನ್ನೊಬ್ಬರದು ಇನ್ನೊಬ್ಬರದಾಗಿಯೇ ಉಳಿಯುತ್ತದೆ.

ನನಗೆ ಜಾಸ್ತಿ ಬೇಸರ ತರಿಸುವುದು ‘ಎಲ್ಲ ಧರ್ಮಗಳೂ ಒಂದೇ ಎನ್ನುವುದೇ ಸಹಿಷ್ಣುತೆ’ ಎಂಬ ಮಾತು. ಬಹುಪಾಲು ಕ್ರೈಸ್ತರು ದೇವರನ್ನು ತ್ರಿಯೇಕ ಎನ್ನುತ್ತಾರೆ, ಅಂದರೆ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಲ್ಲಿ ಇರುವ ಒಬ್ಬನೇ ದೇವರು. ಇಸ್ಲಾಮಿನ ತೌಹೀದ್, ಅಂದರೆ ದೇವರು ಒಬ್ಬನೇ ಎಂಬ ತತ್ವ, ಅದನ್ನು ಒಪ್ಪುವುದಿಲ್ಲ. ಬೌದ್ಧರೂ ಜೈನರೂ ಸೃಷ್ಟಿಕರ್ತನಿದ್ದಾನೆ ಎಂಬುದನ್ನೇ ಒಪ್ಪುವುದಿಲ್ಲ. ಇವೆಲ್ಲ ಒಂದೇ ಅಂದರೆ ಯಾರ ಮಾತನ್ನೂ ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದಾಯಿತು. ಭೇದವೇ ಇಲ್ಲದ ಮೇಲೆ ತಾಳಿಕೊಳ್ಳುವುದಕ್ಕೆ ಏನಿದೆ, ಅಲ್ವಾ?

ಹಾಗಂತ ಸಹಿಷ್ಣುತೆ ಮತ್ತು ಗೌರವ ಒಂದೇ ಅಲ್ಲ. ಇಂಗ್ಲೆಂಡಿನ 1689ರ ಸಹಿಷ್ಣುತಾ ಕಾಯ್ದೆಯನ್ನೇ ನೋಡಿ. ಅಧಿಕೃತ ಚರ್ಚಿನಿಂದ ಹೊರಗಿದ್ದ ಪ್ರೊಟೆಸ್ಟೆಂಟರಿಗೆ ಅದು ಷರತ್ತುಗಳ ಮೇಲೆ ಪೂಜೆಯ ಸ್ವಾತಂತ್ರ್ಯ ಕೊಟ್ಟಿತು. ಕ್ಯಾಥೊಲಿಕರನ್ನೂ ತ್ರಿಯೇಕ ತತ್ವವನ್ನು ಒಪ್ಪದವರನ್ನೂ ಹೊರಗೇ ಇಟ್ಟಿತು. ಅನುಮತಿ ಸಿಕ್ಕವರಿಗೂ ಸರ್ಕಾರಿ ಹುದ್ದೆಗಳಿಗಿದ್ದ ನಿರ್ಬಂಧ ಹೋಗಲಿಲ್ಲ. ತಾಳಿಕೊಂಡರು, ಸಮಾನರೆಂದು ಕಾಣಲಿಲ್ಲ.

ದಿನನಿತ್ಯದಲ್ಲೂ ವ್ಯತ್ಯಾಸ ಕಾಣುತ್ತದೆ. ರಂಜಾನ್ ತಿಂಗಳು, ಸಹೋದ್ಯೋಗಿ ಉಪವಾಸವಿದ್ದಾರೆ. ‘ನಿಮ್ಮ ಉಪವಾಸ ನಿಮಗೆ’ ಎಂದು ಸುಮ್ಮನಿರುವುದು ಸಹಿಷ್ಣುತೆ. ಸೂರ್ಯ ಮುಳುಗುವ ಹೊತ್ತಿಗೆ ಇಟ್ಟಿದ್ದ ಮೀಟಿಂಗನ್ನು, ಅವರು ಕೇಳುವ ಮೊದಲೇ, ಬೆಳಗ್ಗೆಗೆ ಹಾಕುವುದು ಗೌರವ. ಉಪವಾಸ ಯಾಕೆ, ಹೇಗೆ ಎಂದು ಕೇಳುತ್ತಾ ಹೋದರೆ ಯೆಹೂದಿಗಳ ಯೋಮ್ ಕಿಪ್ಪೂರ್, ಕ್ರೈಸ್ತರ ತಪಸ್ಸುಕಾಲ, ಜೈನರ ಪರ್ಯೂಷಣ, ಏಕಾದಶಿ ಎಲ್ಲ ಮಾತಿಗೆ ಬರುತ್ತವೆ. ನಿಯಮ ಬೇರೆ, ಕಾರಣವೂ ಪೂರ್ತಿ ಒಂದೇ ಅಲ್ಲ. ಆದರೂ ಹಸಿವನ್ನು ಹತೋಟಿಯಲ್ಲಿಡುವ ಕಷ್ಟ ಇಬ್ಬರಿಗೂ ಗೊತ್ತು. ಮಾತು ಬೆಳೆಯಲು ಅಷ್ಟು ಸಾಕು.

ಹೀಗೆ ಬೆಳೆಯುವ ಒಡನಾಟಕ್ಕೆ ಬೇರೆಯೇ ಪದವಿದೆ: ಸೌಹಾರ್ದ. ಸುಹೃದ್ ಅಂದರೆ ಒಳ್ಳೆಯ ಮನಸ್ಸಿನವನು, ಗೆಳೆಯ. ಅವನ ಗುಣ ಸೌಹಾರ್ದ. ಅದಕ್ಕೆ ಮತ್ತೆ ‘ತೆ’ ಹಚ್ಚಿ ‘ಸೌಹಾರ್ದತೆ’ ಮಾಡುವ ಅಗತ್ಯವಿಲ್ಲ.