ಸೋಶಿಯಲೈಸ್ ಆದ ನಾಯಿ ಅಂದರೆ ಎಂಥ ನಾಯಿ?

ಮನೆಗೆ ನಾಯಿಮರಿ ಬಂದ ವಾರದಲ್ಲೇ ಎರಡು ಸಲಹೆ ಪುಕ್ಕಟೆ ಸಿಗುತ್ತವೆ. ಲಸಿಕೆ ಹಾಕುವ ಡಾಕ್ಟರು "ಮರೀನ ಚೆನ್ನಾಗಿ ಸೋಶಿಯಲೈಸ್ ಮಾಡಿ" ಅನ್ನುತ್ತಾರೆ. ಎದುರು ಮನೆಯವರು ಗೇಟಿನ ಆಚೆಯಿಂದಲೇ, "ಸಿಕ್ಕಸಿಕ್ಕವರ ಕೈಗೆಲ್ಲ ಕೊಡಬೇಡಿ, ಆಮೇಲೆ ಕಳ್ಳ ಬಂದರೂ ಬಾಲ ಅಲ್ಲಾಡಿಸುತ್ತೆ" ಅನ್ನುತ್ತಾರೆ. ನಾನು ತುಂಬಾ ವರ್ಷ ಎದುರು ಮನೆಯವರ ಪಕ್ಷದಲ್ಲೇ ಇದ್ದೆ. ಆಮೇಲೆ ಗೊತ್ತಾಯಿತು, ಡಾಕ್ಟರು ಹೇಳಿದ ಆ ಪದವನ್ನೇ ನಾನು ತಪ್ಪು ತಿಳಿದಿದ್ದೆ ಅಂತ.

ನಮ್ಮ ಪಿಯುಸಿ ಸಮಾಜಶಾಸ್ತ್ರದಲ್ಲಿ ಇದಕ್ಕೆ "ಸಾಮಾಜೀಕರಣ" ಅಂತ ಇತ್ತು. ಪರೀಕ್ಷೆಯಲ್ಲಿ ಬರೆಯಬಹುದು, ನಾಯಿಮರಿಯನ್ನು ತೊಡೆ ಮೇಲೆ ಇಟ್ಟುಕೊಂಡು ಹೇಳೋಕಾಗಲ್ಲ. ಇನ್ನು "ಸೋಶಿಯಲ್" ಅಂದ ಕೂಡಲೇ ಕಣ್ಣ ಮುಂದೆ ಬರುವುದು ಮದುವೆಮನೆಯಲ್ಲಿ ಎಲ್ಲರನ್ನೂ ಮಾತಾಡಿಸಿಕೊಂಡು ಓಡಾಡುವ ಮನುಷ್ಯ. ಹಾಗಾಗಿ ಸೋಶಿಯಲೈಸ್ ಆದ ನಾಯಿ ಅಂದರೆ ಬಂದವರ ಮೇಲೆಲ್ಲ ಹಾರಿ ಮುಖ ನೆಕ್ಕುವ ನಾಯಿ ಅಂದುಕೊಂಡುಬಿಡುತ್ತೇವೆ.

ಇದಕ್ಕೆ ಸರಿಯಾಗಿ ಹೊಂದುವ ಪದ ದನ ಸಾಕಿದವರ ಬಾಯಲ್ಲಿದೆ: ರೂಢಿ. ಹೊಸ ಹೋರಿಯನ್ನು ಟಾರು ರೋಡಿಗೆ ಇಳಿಸಿದಾಗ ಅದು ಲಾರಿ ಕಂಡು ಬೆದರಿದರೆ, "ಇನ್ನೂ ರೋಡಿನ ರೂಢಿ ಇಲ್ಲ" ಅನ್ನುತ್ತಾರೆ. ಹೋರಿ ಲಾರಿಯನ್ನು ಪ್ರೀತಿಸಲಿ ಅಂತ ಯಾರೂ ಬಯಸುವುದಿಲ್ಲ. ಲಾರಿ ಅದರ ಪಾಡಿಗೆ ಅದು ಹೋಗುತ್ತೆ ಅಂತ ತಿಳಿದರೆ ಸಾಕು. ನಾಯಿಯ ಸೋಶಿಯಲೈಸೇಶನ್ ಅಂದರೂ ಇಷ್ಟೇ. ಹೆಲ್ಮೆಟ್ ಹಾಕಿದವರು, ಕೋಲು ಊರಿ ನಡೆಯುವವರು, ಕಿರುಚಾಡುವ ಮಕ್ಕಳು, ಬೇರೆ ನಾಯಿಗಳು, ಕುಕ್ಕರಿನ ಸೀಟಿ, ಕಸದ ಗಾಡಿಯ ಹಾಡು, ಸಿಲಿಂಡರ್ ಇಳಿಸುವ ಸದ್ದು ಎಲ್ಲವೂ ಈ ಲೋಕದಲ್ಲಿ ಮಾಮೂಲಿ ಅಂತ ಮರಿಗೆ ಮನವರಿಕೆ ಆಗುವುದು. ಸ್ನೇಹ ಬೇರೆ, ರೂಢಿ ಬೇರೆ. ಅಪರಿಚಿತರ ಹತ್ತಿರ ಹೋಗದೆ ದೂರದಲ್ಲೇ ಆರಾಮಾಗಿ ಕೂರುವ ನಾಯಿಯೂ ಚೆನ್ನಾಗಿ ಸೋಶಿಯಲೈಸ್ ಆದ ನಾಯಿಯೇ.

ಈ ರೂಢಿಗೆ ಒಂದು ಹದ ಇದೆ, ಬಿತ್ತನೆಗೆ ನೆಲ ಹದವಾಗಿರಬೇಕಲ್ವಾ, ಹಾಗೆ. ಮರಿ ಕಣ್ಣು ಬಿಡುವುದು ಹೆಚ್ಚುಕಡಿಮೆ ಎರಡು ವಾರಕ್ಕೆ. ಮೂರನೇ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕು ವಾರದವರೆಗೆ ಕಂಡದ್ದು ಕೇಳಿದ್ದೆಲ್ಲ ಮನಸ್ಸಿಗೆ ಸಲೀಸಾಗಿ ಇಳಿಯುತ್ತದೆ. ಆಮೇಲೆ ಹೊಸದನ್ನು ಕಂಡರೆ ಕುತೂಹಲಕ್ಕಿಂತ ಅನುಮಾನ ಜಾಸ್ತಿ. ಇದನ್ನು ತೋರಿಸಿಕೊಟ್ಟ ಒಂದು ಹಳೆಯ ಪ್ರಯೋಗ ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನ ಜಾಕ್ಸನ್ ಲ್ಯಾಬೊರೇಟರಿಯಲ್ಲಿ ನಡೆದದ್ದು. ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬ ಮೂವರು 1961ರಲ್ಲಿ ಅದನ್ನು ಪ್ರಕಟಿಸಿದರು. ಎತ್ತರದ ಬೇಲಿಯ ಒಳಗೆ ಮನುಷ್ಯರ ಸುಳಿವೇ ಇಲ್ಲದಂತೆ ಮರಿಗಳನ್ನು ತಾಯಿಯ ಜೊತೆ ಬೆಳೆಸಿ, ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಜನರ ಜೊತೆ ಬಿಟ್ಟರು. ಐದರಿಂದ ಒಂಬತ್ತನೇ ವಾರದೊಳಗೆ ಬಂದ ಮರಿಗಳು ಬೇಗ ಹೊಂದಿಕೊಂಡವು. ಹದಿನಾಲ್ಕು ವಾರ ಮನುಷ್ಯರನ್ನೇ ಕಾಣದ ಮರಿಗಳು ಮಾತ್ರ ಕಾಡುಪ್ರಾಣಿಗಳ ಹಾಗೆ ದೂರ ಓಡಿದವು. ಅದೇ ತಳಿ, ಅದೇ ಅನ್ನ. ಹದ ಮಾತ್ರ ತಪ್ಪಿತ್ತು.

ಸರಿ, ಮರಿಗೆ ಎಲ್ಲರ ರೂಢಿ ಆಯಿತು. ಹಾಗಾದರೆ ಮನೆ ಕಾಯುವ, ಯಜಮಾನನನ್ನು ಕಾಯುವ ಗುಣ ಎಲ್ಲಿ ಹೋಯಿತು?

ಇದಕ್ಕೆ ಉತ್ತರ ಸಿಗುವುದು ಕುರಿ ಕಾಯುವ ನಾಯಿಗಳಲ್ಲಿ. ನಾಯಿಗಳ ವರ್ತನೆ ಅಧ್ಯಯನ ಮಾಡಿದ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿ 1970ರ ದಶಕದಿಂದ ಯೂರೋಪು ಮತ್ತು ಏಷ್ಯಾದ ಕಾವಲು ತಳಿಗಳನ್ನು ತಂದು ಅಮೆರಿಕದ ರೈತರಿಗೆ ಕೊಟ್ಟು ನೋಡುತ್ತಾ ಹೋದರು. ಅವರು ಕಂಡದ್ದು: ಮರಿಯಾಗಿದ್ದಾಗ ಕುರಿಗಳ ನಡುವೆಯೇ ಬೆಳೆದ ನಾಯಿ ದೊಡ್ಡದಾದ ಮೇಲೆ ಕುರಿಯನ್ನೇ ತನ್ನವರು ಅಂದುಕೊಳ್ಳುತ್ತದೆ, ಅವುಗಳನ್ನು ಬಿಟ್ಟು ಹೋಗುವುದಿಲ್ಲ. ಅದೇ ತಳಿಯ ಮರಿ ಅಂಗಳದಲ್ಲಿ ಮಕ್ಕಳ ಜೊತೆ ಬೆಳೆದರೆ ಕುರಿ ಹಿಂಡನ್ನು ಬಿಟ್ಟು ಮನೆ ಬಾಗಿಲಿಗೆ ಬಂದು ಮಲಗುತ್ತದೆ. ಕೊಪ್ಪಳ, ಗದಗ ಕಡೆಯ ಕುರಿಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿನ ಬಯಲಲ್ಲಿ ತೋಳ ಈಗಲೂ ಇದೆ. ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕೆ ಅಂತ ರಾತ್ರಿ ಕುರಿ ನಿಲ್ಲಿಸಿದಾಗ ನಾಯಿ ಮಲಗುವುದು ಕುರಿಗಳ ಬುಡದಲ್ಲೇ. ಅದು ಹುಟ್ಟಿ ಬೆಳೆದದ್ದೂ ಅಲ್ಲೇ.

ಅಂದರೆ ನಾಯಿ ಯಾರನ್ನು ಕಾಯಬೇಕು ಅಂತ ಕಲಿಯುವುದೂ ಇದೇ ರೂಢಿಯ ಕಾಲದಲ್ಲಿ, ಒಡನಾಟದಿಂದಲೇ. ಮರಿಯನ್ನು ಜನರಿಂದ ದೂರ ಇಟ್ಟರೆ ಕಾವಲು ಗುಣ ಹೆಚ್ಚುವುದಿಲ್ಲ, ಹೆದರಿಕೆ ಹೆಚ್ಚುತ್ತದೆ. ಹೆದರಿದ ನಾಯಿಯೂ ಬೊಗಳುತ್ತದೆ, ಕಚ್ಚುತ್ತದೆ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಥರ ಕಾಣುತ್ತವೆ, ಅದೇ ತೊಂದರೆ.

ನಮ್ಮ ಅಜ್ಜಿ ಮನೆಯಲ್ಲಿ ಟೈಗರ್ ಅಂತ ಒಂದಿತ್ತು. ಮರಿಯಾಗಿದ್ದಾಗಿಂದ ಕೊಟ್ಟಿಗೆ ಕಂಬಕ್ಕೆ ಸರಪಳಿ. "ಕಟ್ಟಿ ಹಾಕಿದರೇನೇ ಜೋರಾಗೋದು" ಅಂತ ಮಾವ. ಜೋರಂತೂ ಆಯಿತು. ಹಾಲಿನವನಿಗೆ, ಪೋಸ್ಟಿನವರಿಗೆ, ಗಾಳಿಗೆ ಬಿದ್ದ ತೆಂಗಿನಗರಿಗೆ, ಎಲ್ಲದಕ್ಕೂ ಒಂದೇ ಬೊಗಳು. ಒಂದು ರಾತ್ರಿ ಅಂಗಳದಿಂದ ಎರಡು ಚೀಲ ಅಡಿಕೆ ಹೋಯಿತು. ಟೈಗರ್ ಬೊಗಳಿರಲಿಲ್ಲವಾ? ಬೊಗಳಿತ್ತು. ಅಜ್ಜಿಗೆ ಎಚ್ಚರವೂ ಆಗಿತ್ತು. "ಅದರದ್ದು ಇದ್ದದ್ದೇ" ಅಂತ ಮಗ್ಗುಲು ಬದಲಾಯಿಸಿ ಮಲಗಿದ್ದರು. ತೋಳ ಬಂತು ತೋಳ ಕಥೆಯೇ. ಮುಂದಿನ ವರ್ಷ ಅದು ಕಚ್ಚಿದ್ದು ಕಳ್ಳನಿಗಲ್ಲ, ಬೇಸಿಗೆ ರಜೆಗೆ ಬಂದ ನನ್ನ ತಮ್ಮನಿಗೆ.

ಈಗ ನನ್ನ ಜೊತೆ ಇರುವವಳು ಕೆಂಪಿ. ಬೀದಿ ನಾಯಿಯ ಮರಿ, ಎರಡು ತಿಂಗಳಿದ್ದಾಗ ಬಂದವಳು. ಹೂವಿನವರು, ಸಿಲಿಂಡರ್ ಅಣ್ಣ, ಪಾರ್ಸೆಲ್ ತರುವ ಹುಡುಗರು, ಎಲ್ಲರ ರೂಢಿಯೂ ಇದೆ. ಒಂದು ಸಂಜೆ ಕರೆಂಟು ಹೋಗಿತ್ತು. ಓಣಿ ತಿರುವಿನಲ್ಲಿ ಬೈಕಿಗೆ ಒರಗಿ ನಿಂತಿದ್ದ ಒಬ್ಬಾತ ವಿಳಾಸ ಕೇಳಿಕೊಂಡು ಹತ್ತಿರ ಬಂದ. ಹೇಳಿದೆ. ಆದರೂ ಇನ್ನೊಂದು ಹೆಜ್ಜೆ ಮುಂದೆ ಬಂದ, ಮತ್ತೊಂದು. ನನಗೇ ಗೊತ್ತಿಲ್ಲದ ಹಾಗೆ ನನ್ನ ಕೈ ಹಗ್ಗವನ್ನು ಬಿಗಿಯಾಗಿ ಹಿಡಿದಿತ್ತು. ಕೆಂಪಿ ನಮ್ಮಿಬ್ಬರ ಮಧ್ಯೆ ಬಂದು ನಿಂತಳು. ಬೊಗಳಲಿಲ್ಲ. ಅಷ್ಟೊತ್ತು ತೆರೆದಿದ್ದ ಬಾಯಿ ಮುಚ್ಚಿತ್ತು, ಕಿವಿ ಮುಂದಕ್ಕೆ, ಭುಜದ ಮೇಲಿನ ಕೂದಲು ನೆಟ್ಟಗೆ. ಒಂದು ಸಲ ತಿರುಗಿ ನನ್ನ ಮುಖ ನೋಡಿದಳು. ಆತ ಹಿಂದೆ ಸರಿದ. "ಬಾ" ಅಂದೆ, ಬಂದಳು. ಹತ್ತು ಹೆಜ್ಜೆ ಆಚೆ ಲೈಟು ಕಂಬ ಮೂಸುತ್ತಾ ಏನೂ ಆಗದವಳ ಹಾಗೆ ನಿಂತಿದ್ದಳು. ಆತ ಪಾಪ ನಿಜವಾಗಿಯೂ ವಿಳಾಸ ಹುಡುಕುತ್ತಿದ್ದನೋ ಏನೋ.

ಕೆಂಪಿಗೆ ಕಾವಲಿನ ತರಬೇತಿ ಯಾರೂ ಕೊಟ್ಟಿಲ್ಲ. ಮಾಮೂಲಿ ಯಾವುದು ಅಂತ ದಿನಾ ನೂರು ಸಲ ನೋಡಿದ್ದರಿಂದ, ಮಾಮೂಲಿ ಅಲ್ಲದ್ದು ಎದ್ದು ಕಂಡಿತು. ನನ್ನ ಕೈ ಬಿಗಿಯಾದದ್ದು, ಉಸಿರು ಬದಲಾದದ್ದು ಹಗ್ಗದ ಆ ತುದಿಗೂ ಮುಟ್ಟಿರಬೇಕು. ಎಲ್ಲರಿಗೂ ಹೆದರುವ ನಾಯಿಗೆ ಈ ವ್ಯತ್ಯಾಸ ಹೊಳೆಯುವುದು ಕಷ್ಟ. ಅದರ ಲೆಕ್ಕದಲ್ಲಿ ಹೂವಿನವರೂ ಅಪಾಯವೇ.

ಹಾಗಂತ "ನನ್ನ ನಾಯಿ ನನಗೋಸ್ಕರ ಪ್ರಾಣ ಕೊಡುತ್ತೆ" ಅಂತ ಬೀಗುವುದೂ ಸ್ವಲ್ಪ ಜಾಸ್ತಿಯೇ. ನಾವು ಒಂದೇ "ನಿಯತ್ತು" ಅನ್ನುವ ಪದದಲ್ಲಿ ಮೂರ್ನಾಲ್ಕು ಬೇರೆ ಬೇರೆ ವಿಷಯ ತುಂಬಿಬಿಟ್ಟಿದ್ದೇವೆ. ಕೆನಡಾದ ಮ್ಯಾಕ್‌ಫರ್ಸನ್ ಮತ್ತು ರಾಬರ್ಟ್ಸ್ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮಾಲೀಕರು ಬಯಲಲ್ಲಿ ಹಾರ್ಟ್ ಅಟ್ಯಾಕ್ ಆದವರ ಹಾಗೆ ಕುಸಿದು ಬಿದ್ದರು, ಹತ್ತಿರದಲ್ಲೇ ಬೇರೆಯವರು ಕೂತಿದ್ದರು. ನಾಯಿಗಳು ಹೋಗಿ ಅವರನ್ನು ಕರೆತರಲಿಲ್ಲ. ಆಪತ್ತು ಅಂದರೇನು, ಯಾರನ್ನು ಕರೆಯಬೇಕು ಅಂತ ಅವಕ್ಕೆ ಹೇಗೆ ಗೊತ್ತಾಗಬೇಕು?

ಇನ್ನೊಂದು 2020ರದ್ದು, ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯದ್ದು. ನಾಯಿ ತೆರೆಯಬಹುದಾದ ಹಗುರ ಬಾಗಿಲಿನ ದೊಡ್ಡ ಪೆಟ್ಟಿಗೆಯಲ್ಲಿ ಮಾಲೀಕರು ಸಿಕ್ಕಿಹಾಕಿಕೊಂಡವರ ಹಾಗೆ ಕೂಗಿಕೊಂಡರು. 60 ನಾಯಿಗಳಲ್ಲಿ 20 ಬಾಗಿಲು ತೆರೆದವು. ಮೂರರಲ್ಲಿ ಒಂದು, ಅಷ್ಟೇನಾ ಅನ್ನಿಸುತ್ತೆ. ಆದರೆ ಅದೇ ಪೆಟ್ಟಿಗೆಯಲ್ಲಿ ತಿಂಡಿ ಇಟ್ಟಾಗ ತೆರೆದದ್ದು 19. ಅಂದರೆ ಉಳಿದವಕ್ಕೆ ಬಾಗಿಲು ತೆರೆಯುವ ಉಪಾಯವೇ ಹೊಳೆದಿರಲಿಲ್ಲ, ಮನಸ್ಸಿಲ್ಲ ಅಂತ ಹೇಳೋಕಾಗಲ್ಲ. ನನಗೆ ಇಷ್ಟವಾದ ಅಂಕಿ ಮೂರನೆಯದು: ಮಾಲೀಕರು ಒಳಗೆ ಸುಮ್ನೆ ಮ್ಯಾಗಜೀನ್ ಓದುತ್ತಾ ಕೂತಾಗಲೂ 16 ನಾಯಿಗಳು ತೆರೆದವು. ಕಾಪಾಡುವುದಕ್ಕಲ್ಲ, ಜೊತೆಗಿರುವುದಕ್ಕೆ.

ಕ್ಯೋಟೋ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದ್ದು ಇನ್ನೂ ಸೂಕ್ಷ್ಮ. ಮಾಲೀಕರು ಡಬ್ಬಿ ತೆರೆಯಲು ಒದ್ದಾಡುತ್ತಾ ಸಹಾಯ ಕೇಳಿದಾಗ ಒಬ್ಬರು ಮುಖ ತಿರುಗಿಸಿಕೊಂಡರು. ಆಮೇಲೆ ಆ ವ್ಯಕ್ತಿ ಮತ್ತು ಪಕ್ಕದಲ್ಲಿದ್ದ ಇನ್ನೊಬ್ಬರು ಇಬ್ಬರೂ ತಿಂಡಿ ಚಾಚಿದರೆ, ನಾಯಿಗಳು ಮುಖ ತಿರುಗಿಸಿದವರ ಕೈಯನ್ನು ಬಿಟ್ಟು ಇನ್ನೊಬ್ಬರ ಕಡೆಗೇ ಜಾಸ್ತಿ ಹೋದವು. ಹಂಗೆರಿಯ ಸಂಶೋಧಕರ 2013ರ ಅಧ್ಯಯನದಲ್ಲಿ, ಅಪರಿಚಿತರು ಬೆದರಿಸುವ ಹಾಗೆ ಹತ್ತಿರ ಬಂದಾಗ ಮಾಲೀಕರು ಜೊತೆಗಿದ್ದರೆ ನಾಯಿಯ ಎದೆಬಡಿತ ಅಷ್ಟು ಏರಲಿಲ್ಲ. ಅದು ನಮ್ಮನ್ನು ಕಾಯುತ್ತಿದೆ ಅಂತ ನಾವು ಅಂದುಕೊಂಡ ಹೊತ್ತಿನಲ್ಲಿ ಅದಕ್ಕೂ ನಾವೇ ಧೈರ್ಯ.

ಕಾವಲು ಅಂತ ನಾವು ತಪ್ಪಾಗಿ ಓದುವ ಒಂದು ವರ್ತನೆ ಇದೆ. "ನಮ್ಮ ಪಿಂಕಿಗೆ ನನ್ನ ಮೇಲೆ ಎಷ್ಟು ಪ್ರೀತಿ ಅಂದರೆ, ಸೋಫಾದಲ್ಲಿ ನನ್ನ ತೊಡೆ ಮೇಲೆ ಕೂತಾಗ ನಮ್ಮ ಯಜಮಾನರನ್ನೂ ಹತ್ತಿರ ಬಿಡಲ್ಲ" ಅಂತ ಖುಷಿಯಿಂದ ಹೇಳುವವರಿದ್ದಾರೆ. ಅಮ್ಮಾ, ಅಲ್ಲಿ ನೀವು ಯಜಮಾನಿ ಅಲ್ಲ, ಮೂಳೆ! ನಾಯಿ ತನ್ನ ಸ್ವತ್ತು ಕಾಯುತ್ತಿದೆ. ಇದನ್ನು ಮುದ್ದು ಮಾಡಿ ಬೆಳೆಸಿದರೆ ಮುಂದೊಂದು ದಿನ ಮನೆಯ ಮಗುವಿಗೇ ಹಲ್ಲು ತಾಗುತ್ತದೆ. ಹೆದರಿಕೆ ಯಾವುದು, ನಿಜವಾದ ಕಾವಲು ಯಾವುದು ಅಂತ ಗಮನಿಸಿದರೆ ಗುರುತು ಸಿಗುತ್ತದೆ. ಹೆದರಿದ ನಾಯಿ ಬಾಲ ಒಳಗೆಳೆದು, ಹಿಂದೆ ಹಿಂದೆ ಹೋಗುತ್ತಾ ಬೊಗಳುತ್ತದೆ, ಸಾಕು ಅಂದರೂ ನಿಲ್ಲಿಸುವುದಿಲ್ಲ. ಧೈರ್ಯದ ನಾಯಿ ನಿಂತಲ್ಲೇ ನಿಲ್ಲುತ್ತದೆ, ನಿಮ್ಮ ಕಡೆ ನೋಡುತ್ತದೆ, ಸಾಕು ಅಂದರೆ ಬಿಡುತ್ತದೆ.

ಪೊಲೀಸ್ ಮತ್ತು ಸೇನೆಯ ಕೆಲಸಕ್ಕೂ ಪುಕ್ಕಲು ನಾಯಿ ಬರುವುದಿಲ್ಲ. ಜನಜಂಗುಳಿಯಲ್ಲಿ ಬೆದರದ, ಹಿಡಿ ಅಂದರೆ ಹಿಡಿದು ಬಿಡು ಅಂದರೆ ಬಿಡುವ ನಾಯಿಯೇ ಬೇಕು. ಶೌರ್ಯದ ನಾಯಿ ಅಂದ ಕೂಡಲೇ ನನಗೆ ನೆನಪಾಗುವುದು ಮದ್ದೂರು ತಾಲೂಕಿನ ಆತಕೂರು ಶಾಸನದ ಕಾಳಿ. ಕ್ರಿ.ಶ. 950ರ ಸುಮಾರಿನದು. ಏನು ಬೇಕೋ ಕೇಳು ಅಂತ ದೊರೆ ಅಂದಾಗ, ಮಣಲೇರ ಎಂಬ ಯೋಧ ಬಹುಮಾನವಾಗಿ ಕೇಳಿ ಪಡೆದ ಬೇಟೆನಾಯಿ. ದೊಡ್ಡ ಹಂದಿಯ ಜೊತೆ ಹೋರಾಡಿ ಎರಡೂ ಸತ್ತವು. ಕಾಳಿಗೆ ಕಲ್ಲು ನೆಟ್ಟರು, ಭೂಮಿಯನ್ನೂ ಬಿಟ್ಟರು. ಆದರೆ ಗಮನಿಸಿ, ಕಾಳಿ ಸಿಕ್ಕವರ ಮೇಲೆಲ್ಲ ಹಾರಿದ್ದಲ್ಲ. ಅದನ್ನು ಹಂದಿಯ ಮೇಲೆ ಬಿಟ್ಟದ್ದು ಮನುಷ್ಯರು.

ಅಂದ ಹಾಗೆ, ಕಾವಲಿಗೆ ಅಂತ ಸಾಕಿದ್ದು ಅಂದರೂ ಕಾನೂನು ಸುಮ್ಮನಿರುವುದಿಲ್ಲ. ಸಾಕಿದ ಪ್ರಾಣಿಯಿಂದ ಬೇರೆಯವರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, 5000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಗೇಟಿಗೆ "ನಾಯಿ ಇದೆ ಎಚ್ಚರಿಕೆ" ಬೋರ್ಡು ಹಾಕಿದ ಮಾತ್ರಕ್ಕೆ ಜವಾಬ್ದಾರಿ ಕಳೆಯುವುದಿಲ್ಲ.

ಮರಿ ತಂದವರ ನಿಜವಾದ ಪೇಚಾಟ ಬೇರೆ ಇದೆ. ರೂಢಿಯ ಹದ ಮುಗಿಯುವ ಹೊತ್ತಿಗೆ ಲಸಿಕೆಗಳು ಮುಗಿದಿರುವುದಿಲ್ಲ. ನಮ್ಮ ಬೀದಿಗಳಲ್ಲಿ ಪಾರ್ವೋ ಭಯ (ಮರಿಗಳ ಪ್ರಾಣಕ್ಕೇ ಕುತ್ತು ತರುವ ವಾಂತಿಭೇದಿಯ ವೈರಸ್ಸು) ಸುಳ್ಳಲ್ಲ. ಆದರೂ ಲಸಿಕೆ ಪೂರ್ತಿ ಆಗಲಿ ಅಂತ ಮೂರು, ಮೂರೂವರೆ ತಿಂಗಳು ಒಳಗೇ ಇಟ್ಟರೆ ಹದ ಕೈತಪ್ಪುತ್ತದೆ. ಪ್ರಾಣಿಗಳ ವರ್ತನೆ ಅಧ್ಯಯನ ಮಾಡುವ ಅಮೆರಿಕದ ಪಶುವೈದ್ಯರ ಸಂಘ 2008ರಲ್ಲೇ ಇದರ ಬಗ್ಗೆ ಸ್ಪಷ್ಟವಾಗಿ ಹೇಳಿದೆ: ಮೊದಲ ಲಸಿಕೆ, ಜಂತುಹುಳದ ಔಷಧಿ ಆಗಿ ಒಂದು ವಾರ ಕಳೆದರೆ ಏಳೆಂಟು ವಾರದ ಮರಿಯನ್ನೂ ನಾಯಿಮರಿಗಳ ಸೋಶಿಯಲೈಸೇಶನ್ ತರಗತಿಗೆ ಕರೆತರಬಹುದು. ನಮ್ಮಲ್ಲಿ ತರಗತಿ ಇಲ್ಲದ ಊರೇ ಜಾಸ್ತಿ. ಅದಕ್ಕೆ ಎತ್ತಿಕೊಂಡು ಹೋಗುವುದು ಒಂದು ದಾರಿ, ನೆಲಕ್ಕೆ ಬಿಡದೆ. ಬಲವಂತ ಮಾತ್ರ ಬೇಡ. ಹೆದರಿದ ಮರಿಯನ್ನು ತಮಟೆಯ ಮುಂದೆ ಹಿಡಿದು ನಿಲ್ಲಿಸಿದರೆ ಅದು ಕಲಿಯುವುದು ಹೆದರಿಕೆಯನ್ನೇ. ದೂರದಿಂದ ನೋಡಲಿ, ಬಾಯಿಗೆ ಒಂದು ಚೂರು ತಿಂಡಿ ಬೀಳಲಿ, ಸಾಕಾದರೆ ವಾಪಸ್. ಎದುರು ಮನೆಯವರ ಮಾತಿನಲ್ಲೂ ಅರ್ಧ ಸತ್ಯ ಇದೆ: ಕಂಡವರೆಲ್ಲ ಮುಟ್ಟಬೇಕಾಗಿಲ್ಲ.

ಹೋದ ವಾರ ತಂಗಿ ಮನೆಗೆ ಒಂಬತ್ತು ವಾರದ ಕರಿ ಮರಿ ಬಂತು. ತರಕಾರಿ ಚೀಲದಲ್ಲಿ ಹಳೆ ಟವೆಲ್ ಹಾಸಿ, ತಲೆ ಮಾತ್ರ ಹೊರಗೆ ಕಾಣುವ ಹಾಗೆ ಹೆಗಲಿಗೆ ಹಾಕಿಕೊಂಡು ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತೆವು. ಮೊದಲ ಬಸ್ಸು ಬ್ರೇಕು ಹಾಕಿದ ಸದ್ದಿಗೆ ಮರಿ ಚೀಲದೊಳಗೆ ಮಾಯ. ಎರಡನೇ ಬಸ್ಸಿಗೆ ಮೂಗು ಹೊರಗೆ ಬಂತು. ಐದನೇ ಬಸ್ಸು ಬರುವ ಹೊತ್ತಿಗೆ ನಿದ್ದೆ ಹೋಗಿತ್ತು.