ಆನ್ ಮಾಡಿದ ದಿನವೇ ಕತ್ತು ನೆಟ್ಟಗಾಗುವುದಿಲ್ಲ

ಕತ್ತಿನ ಡಿಸ್ಟೋನಿಯಾ ಅಂದರೆ ಸ್ನಾಯುಗಳು ತಾವಾಗಿಯೇ ಬಿಗಿದು ಕತ್ತನ್ನು ಒಂದು ಕಡೆಗೆ ತಿರುಗಿಸುವ ಕಾಯಿಲೆ. ಅದಕ್ಕೆ ಮೆದುಳಿನೊಳಗೆ ತಂತಿ ಇಟ್ಟು ಸಣ್ಣ ಕರೆಂಟು ಕೊಡುವ ಚಿಕಿತ್ಸೆಯೊಂದಿದೆ, ಡಿಬಿಎಸ್ (ಡೀಪ್ ಬ್ರೇನ್ ಸ್ಟಿಮ್ಯುಲೇಶನ್). ಅದನ್ನು ಆನ್ ಮಾಡುವ ದಿನ ರೋಗಿ ಒಬ್ಬರೇ ಬರುವುದು ಕಡಿಮೆ. ಮನೆಯವರೂ ಜೊತೆಗೆ ಬಂದಿರುತ್ತಾರೆ, ಒಬ್ಬರು ವಿಡಿಯೊ ತೆಗೆಯಲು ಮೊಬೈಲ್ ಹಿಡಿದು ನಿಂತಿರುತ್ತಾರೆ. ನಾನು ಕರೆಂಟನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತೇನೆ. ಎಡಕ್ಕೆ ತಿರುಗಿದ್ದ ಕತ್ತು ಎಡಕ್ಕೇ ಇರುತ್ತದೆ. ಮೊಬೈಲ್ ನಿಧಾನಕ್ಕೆ ಕೆಳಗಿಳಿಯುತ್ತದೆ. "ಡಾಕ್ಟ್ರೇ, ಆನ್ ಆಗಿದೆ ತಾನೇ?"

ಆಗಿದೆ. ಕತ್ತು ಅವತ್ತೇ ನೆಟ್ಟಗಾಗುವುದಿಲ್ಲ ಅಂತ ಆಪರೇಷನ್‌ಗೆ ಮೊದಲೇ ಮೂರು ಸಲ ಹೇಳಿರುತ್ತೇನೆ, ಆದರೂ ಆ ಮುಖಗಳನ್ನು ನೋಡಿದಾಗ ಹೊಟ್ಟೆ ಚುರುಕ್ ಅನ್ನುತ್ತದೆ.

ಎಲ್ಲರೂ ನೋಡಿರುವುದು ಕೈ ನಡುಕದ ವಿಡಿಯೊಗಳನ್ನು. ನಡುಕಕ್ಕೆ ಡಿಬಿಎಸ್ ಮಾಡಿದಾಗ ಕೈ ನಡುಗುವುದು ಕೆಲವೇ ಕ್ಷಣಗಳಲ್ಲಿ ನಿಂತುಬಿಡಬಹುದು, ಅದು ನಿಜ. ಕತ್ತಿನ ಡಿಸ್ಟೋನಿಯಾ ಹಾಗಲ್ಲ. ಇಲ್ಲಿ ತಂತಿಯ ತುದಿ ಇರುವುದು ಸಾಮಾನ್ಯವಾಗಿ ಮೆದುಳಿನ ಗ್ಲೋಬಸ್ ಪ್ಯಾಲಿಡಸ್ ಎಂಬ ಭಾಗದ ಒಳಪದರದಲ್ಲಿ. ಮೆದುಳು ವರ್ಷಗಟ್ಟಲೆ ರೂಢಿ ಮಾಡಿಕೊಂಡ ತಪ್ಪು ಅಭ್ಯಾಸವನ್ನು ಆ ಕರೆಂಟು ದಿನವೂ ಒಂದಿಷ್ಟು ಬಿಡಿಸುತ್ತಾ ಹೋಗುತ್ತದೆ, ಬಹುಶಃ ಅದಕ್ಕೇ ಇಷ್ಟು ನಿಧಾನ. ಎಳೆತ, ಅದುರುವಿಕೆ ಕೆಲವು ದಿನ ಅಥವಾ ವಾರಗಳಲ್ಲಿ ಇಳಿಯಬಹುದು. ತಿರುಗಿ ನಿಂತ ಕತ್ತು ಸಡಿಲವಾಗಲು ತಿಂಗಳುಗಳು ಬೇಕು. ಕೆಲವರಲ್ಲಿ ಪೂರ್ತಿ ಫಲ ಕಾಣಲು ಒಂದು ವರ್ಷವೂ ಹಿಡಿಯುತ್ತದೆ.

2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 62 ಜನರಿಗೆ ಆಪರೇಷನ್ ಮಾಡಿ, ಸುಮಾರು ಅರ್ಧದಷ್ಟು ಜನರಿಗೆ ಮಾತ್ರ ಕರೆಂಟು ಕೊಟ್ಟರು. ಉಳಿದವರಿಗೆ ಬರೀ ನಾಟಕದ ಸ್ಟಿಮ್ಯುಲೇಶನ್. ಲೆಕ್ಕ ಹಾಕಿದ್ದು ಯಾವಾಗ ಗೊತ್ತಾ? ಮೂರು ತಿಂಗಳಾದ ಮೇಲೆ. 35 ಅಂಕಗಳ ಅಳತೆಯಲ್ಲಿ ಕರೆಂಟು ಸಿಕ್ಕವರ ತೀವ್ರತೆ ಸರಾಸರಿ 5.1 ಅಂಕ ಇಳಿದಿತ್ತು, ಸಿಗದವರದ್ದು 1.3. ವ್ಯತ್ಯಾಸ ಸ್ಪಷ್ಟ. ಅದನ್ನೇ ಮೂರನೇ ದಿನ ಅಳೆದಿದ್ದರೆ ಇಷ್ಟು ಕಾಣುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಕಾಯುವುದಕ್ಕಿಂತ ಕಷ್ಟ, ಕಾಯದೆ ಇರುವವರನ್ನು ಸಂಭಾಳಿಸುವುದು. ನನ್ನ ರೋಗಿಯೊಬ್ಬರು ಮೇಷ್ಟ್ರು. ಎಡಗೈಯ ಒಂದು ಬೆರಳನ್ನು ಸದಾ ಗದ್ದಕ್ಕೆ ತಾಗಿಸಿಕೊಂಡೇ ಇರುತ್ತಿದ್ದರು. ತಳ್ಳುವುದಲ್ಲ, ಬರೀ ತಾಗಿಸುವುದು, ಅಷ್ಟಕ್ಕೇ ಕತ್ತು ಒಂದಿಷ್ಟು ನೆಟ್ಟಗಾಗುತ್ತಿತ್ತು. ಡಿಸ್ಟೋನಿಯಾ ಇರುವ ಎಷ್ಟೋ ಜನ ಈ ಉಪಾಯವನ್ನು ತಾವಾಗಿಯೇ ಕಂಡುಕೊಂಡಿರುತ್ತಾರೆ. ಆನ್ ಮಾಡಿ ಹತ್ತು ದಿನಕ್ಕೇ ಅವರ ಹೆಂಡತಿಯ ಫೋನ್: "ಇನ್ನೂ ಜಾಸ್ತಿ ಮಾಡಿ ಡಾಕ್ಟ್ರೇ." ಬೇಡ ಅಂದೆ. ಬೇರೆ ಕಡೆ ಹೋಗಿ ಎರಡು ಸಲ ಜಾಸ್ತಿ ಮಾಡಿಸಿಕೊಂಡು ಬಂದರು. ಕತ್ತು ಅಲ್ಲೇ ಇತ್ತು, ಮಾತು ಮಾತ್ರ ತೊದಲುತ್ತಿತ್ತು, ಹೆಜ್ಜೆ ಭಾರವಾಗಿತ್ತು. ಪಾಠ ಮಾಡುವ ಮನುಷ್ಯನಿಗೆ ಮಾತೇ ತೊದಲಿದರೆ ಹೇಗೆ, ಹೇಳಿ. ಕೋಪ ಬಂತು, ಆದರೆ ಆ ಹೆಂಗಸಿನ ಮೇಲಲ್ಲ. ರಾತ್ರಿಯಿಡೀ ನೋವಿನಲ್ಲಿ ನರಳುವ ಗಂಡನನ್ನು ನೋಡುತ್ತಾ ಯಾರು ತಾನೇ ಸುಮ್ನೆ ಕೂರುತ್ತಾರೆ?

ಸೆಟ್ಟಿಂಗನ್ನು ಮೊದಲಿನಂತೆಯೇ ಇಟ್ಟು, ಆರು ವಾರ ಮುಟ್ಟಬೇಡಿ ಅಂದೆ. ಫಲ ನಿಧಾನಕ್ಕೆ ಬರುವಾಗ ವಾರಕ್ಕೊಮ್ಮೆ ಬದಲಾಯಿಸಿದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಅಂತ ನನಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಹಾಗಂತ ಮಾತು ತೊದಲಿದರೆ, ನಡಿಗೆ ಕೆಟ್ಟರೆ, ಗಾಯ ಕೆಂಪಾದರೆ, ಜ್ವರ ಬಂದರೆ ಕಾಯಬೇಡಿ. ಅವತ್ತೇ ಬನ್ನಿ.

ದಿನಾ ಕನ್ನಡಿ ನೋಡಬೇಡಿ ಅಂತಲೂ ಹೇಳಿದ್ದೆ. ತಿಂಗಳಿಗೊಮ್ಮೆ, ಅದೇ ಕುರ್ಚಿಯಲ್ಲಿ ಕೂತು ಒಂದು ನಿಮಿಷದ ವಿಡಿಯೊ ತೆಗೆದರೆ ಸಾಕು. ನಾಲ್ಕನೇ ತಿಂಗಳು ಮೇಷ್ಟ್ರು ಬಂದವರೇ ಎರಡೂ ಕೈ ಹಾಕಿ ಚೀಲದಲ್ಲಿ ರಿಪೋರ್ಟ್ ಹುಡುಕತೊಡಗಿದರು. ಎರಡೂ ಕೈ! ಗದ್ದದ ಮೇಲೆ ಬೆರಳಿರಲಿಲ್ಲ. ಅದು ಅವರ ಗಮನಕ್ಕೇ ಬಂದಿರಲಿಲ್ಲ. ಕತ್ತು ಇನ್ನೂ ಸ್ವಲ್ಪ ವಾರೆ ಇತ್ತು.

ಎಲ್ಲರಿಗೂ ಇಷ್ಟು ಸಿಗುತ್ತದೆ ಅಂತ ನಾನು ಮಾತು ಕೊಡಲಾರೆ. ಸ್ನಾಯುಗಳು ಗಟ್ಟಿಯಾಗಿ ಬಿಗಿದುಕೊಂಡು ಹೋಗಿದ್ದರೆ ಕರೆಂಟಿನಿಂದ ಅದು ಸಡಿಲವಾಗುವುದಿಲ್ಲ. ಇನ್ನೊಂದು ಮಾತು, ಚೆನ್ನಾಗಿ ಆದವರಿಗೆ: ಬ್ಯಾಟರಿ ಮುಗಿದರೆ ಸೆಟೆತ ಮರಳಿ ಬರುತ್ತದೆ, ಕೆಲವೊಮ್ಮೆ ಬಹಳ ಬೇಗ. ಡಿಸ್ಟೋನಿಯಾಗೆ ಕರೆಂಟು ಜಾಸ್ತಿ ಬೇಕಾಗುವುದರಿಂದ ಬ್ಯಾಟರಿಯೂ ಬೇಗ ಇಳಿಯುತ್ತದೆ. ಆರಾಮಾಗಿದ್ದೀನಲ್ಲ ಅಂತ ಚೆಕಪ್ ತಪ್ಪಿಸಬೇಡಿ.