ಮನೆ ಸುಟ್ಟಿರುವುದು ವಿಮಾನದ ಚಿತ್ರದಲ್ಲಿ ಕಾಣುತ್ತದೆ. ಮತ್ತೆ ಅರ್ಜಿ ಏಕೆ?

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿದ ಮನೆಗಳ ತೆರಿಗೆ ಮೌಲ್ಯವನ್ನು (ಆಸ್ತಿ ತೆರಿಗೆ ಲೆಕ್ಕಹಾಕಲು ಹಿಡಿಯುವ ಬೆಲೆ) ವಿಮಾನದಿಂದ ತೆಗೆದ ಚಿತ್ರ ನೋಡಿಯೇ ಇಳಿಸುತ್ತಾರಂತೆ. ಹಾಗಿದ್ದರೆ ಮಾಲೀಕರು ಅರ್ಜಿ ಹಾಕಬೇಕೇ?

ಉತ್ತರ: ಮನೆ ಪೂರ್ತಿ ಸುಟ್ಟುಹೋಗಿದ್ದರೆ ಅರ್ಜಿಯಿಲ್ಲದೆಯೂ ಕೆಲಸ ಆಗಬಹುದು. ಮನೆ ನಿಂತೇ ಇದ್ದರೆ ಅರ್ಜಿ ಹಾಕಲೇಬೇಕು. ಚಿತ್ರ ಕೈಕೊಡುವುದು ಈ ಎರಡನೆಯ ಗುಂಪಿನವರಿಗೆ.

2025ರ ಜನವರಿ 7ರಂದು ಹೊತ್ತಿಕೊಂಡ ಪ್ಯಾಲಿಸೇಡ್ಸ್ ಮತ್ತು ಈಟನ್ ಕಾಡ್ಗಿಚ್ಚುಗಳು ಲಾಸ್ ಏಂಜಲೀಸ್ ಕೌಂಟಿಯಲ್ಲಿ 16,000ಕ್ಕೂ ಹೆಚ್ಚು ಕಟ್ಟಡಗಳನ್ನು ಬೂದಿ ಮಾಡಿದವು. ರಸ್ತೆ ಮುಚ್ಚಿರುವ ಇಂಥ ಹೊತ್ತಿನಲ್ಲಿ ತೆರಿಗೆ ಮೌಲ್ಯ ನಿಗದಿ ಮಾಡುವ ಅಸೆಸರ್ ಕಚೇರಿಗೆ ಆಕಾಶದ ಚಿತ್ರವೇ ಮೊದಲ ಆಸರೆ. ಹಳೆಯ ಚಿತ್ರ, ಹೊಸ ಚಿತ್ರ, ನಿವೇಶನಗಳ ಗಡಿನಕ್ಷೆ ಈ ಮೂರನ್ನೂ ಒಂದರ ಮೇಲೊಂದು ಇಟ್ಟರೆ ಯಾವ ನಿವೇಶನದಲ್ಲಿ ಕಟ್ಟಡ ಉಳಿದಿಲ್ಲ ಎಂಬುದು ತಿಳಿಯುತ್ತದೆ. ನೇರ ಮೇಲಿನಿಂದ ಚಾವಣಿ ಮಾತ್ರ ಕಾಣುವುದರಿಂದ ನಾಲ್ಕೂ ದಿಕ್ಕುಗಳಿಂದ ಓರೆಯಾಗಿ ತೆಗೆದ ಚಿತ್ರಗಳನ್ನೂ ಬಳಸುತ್ತಾರೆ. ರಾಜ್ಯದ ಅಗ್ನಿಶಾಮಕ ಸಂಸ್ಥೆಯಾದ ಕ್ಯಾಲ್ ಫೈರ್‌ನ ತಂಡಗಳು ನೆಲದ ಮೇಲೆ ಓಡಾಡಿ ಕಟ್ಟಡಗಳ ಹಾನಿಯನ್ನು ವರ್ಗೀಕರಿಸುತ್ತವೆ. ಆ ಪಟ್ಟಿಯೂ ನೆರವಿಗೆ ಬರುತ್ತದೆ.

ಇಷ್ಟಾದರೂ ಚಾವಣಿಯ ಕೆಳಗಿನದು ಕ್ಯಾಮೆರಾಕ್ಕೆ ಕಾಣದು. ಈಟನ್ ಕಾಡ್ಗಿಚ್ಚಿಗೆ ಸಿಕ್ಕ ಆಲ್ಟಡೀನಾ ಊರಿನಲ್ಲಿ ಸುಡದೆ ಉಳಿದ ಎಷ್ಟೋ ಮನೆಗಳ ಒಳಗೆ ಹೊಗೆ, ಮಸಿ, ವಿಷಕಾರಿ ಬೂದಿ ತುಂಬಿಕೊಂಡಿತ್ತು. ಆಕಾಶದಿಂದ ನೋಡಿದರೆ ಅವೆಲ್ಲ ಗಟ್ಟಿಮುಟ್ಟಾದ ಮನೆಗಳೇ. ನೆರೆಯಲ್ಲೂ ಇದೇ ತೊಡಕು. 2022ರಲ್ಲಿ ಇಯಾನ್ ಚಂಡಮಾರುತ ಫ್ಲಾರಿಡಾಕ್ಕೆ ಅಪ್ಪಳಿಸಿದಾಗ ಸಮುದ್ರದ ನೀರು ಮನೆಗಳಿಗೆ ನುಗ್ಗಿತು. ಒಳಗೆ ಗೋಡೆಗಳು ನೆನೆದು ಹಾಳಾಗಿದ್ದರೂ ಚಾವಣಿ ನೆಟ್ಟಗಿದ್ದರೆ ಚಿತ್ರದಿಂದ ಏನು ತಿಳಿದೀತು?

ಕ್ಯಾಲಿಫೋರ್ನಿಯಾದ ನಿಯಮದಂತೆ ನಷ್ಟ ಕನಿಷ್ಠ 10,000 ಡಾಲರ್ ಇರಬೇಕು. ಅರ್ಜಿಗೆ ಸಾಮಾನ್ಯವಾಗಿ 12 ತಿಂಗಳ ಅವಕಾಶವಿದೆ. ಒಳಗಿನ ಫೋಟೊ, ದುರಸ್ತಿಯ ಅಂದಾಜುಪಟ್ಟಿ, ವಿಮಾ ಕಂಪನಿಯ ವರದಿಗಳನ್ನು ಜೊತೆಗಿಡಿ. ಕಚೇರಿ ನಿಗದಿ ಮಾಡಿದ ಮೌಲ್ಯ ಒಪ್ಪಿಗೆಯಾಗದಿದ್ದರೆ ನೋಟಿಸ್ ಕಳುಹಿಸಿದ ದಿನದಿಂದ ಆರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ತೆರಿಗೆ ಎಷ್ಟು ಇಳಿಯುತ್ತದೆ? ಬಹಳ ಜನ ನಿರಾಶರಾಗುವುದು ಇಲ್ಲಿ. ಕ್ಯಾಲಿಫೋರ್ನಿಯಾದ ಮತದಾರರು ಒಪ್ಪಿದ 1978ರ ಪ್ರೊಪೊಸಿಷನ್ 13 ಎಂಬ ಕಾನೂನಿನ ಪ್ರಕಾರ, ಮನೆ ಕೈಬದಲಾಗದಿದ್ದರೆ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹಾಗಾಗಿ ಬಹುಕಾಲದಿಂದ ಒಬ್ಬರೇ ಮಾಲೀಕರ ಕೈಯಲ್ಲಿರುವ ಮನೆಗಳಿಗೆ ದಾಖಲೆಯಲ್ಲಿರುವ ಮೌಲ್ಯ ಮಾರುಕಟ್ಟೆ ಬೆಲೆಗಿಂತ ಎಷ್ಟೋ ಕಡಿಮೆ. ಒಂದು ಕಟ್ಟಡದ ಮಾರುಕಟ್ಟೆ ಬೆಲೆ 5 ಲಕ್ಷ ಡಾಲರ್, ದಾಖಲೆಯಲ್ಲಿ 80,000 ಎಂದಿಟ್ಟುಕೊಳ್ಳಿ. ಹೊಗೆಯಿಂದ 1.25 ಲಕ್ಷ ನಷ್ಟವಾದರೆ ಅದು ಶೇ. 25. ಅದೇ ಶೇಕಡಾವಾರು ದಾಖಲೆಯ ಮೌಲ್ಯಕ್ಕೆ ಅನ್ವಯಿಸಿ 20,000 ಡಾಲರ್ ಇಳಿಸುತ್ತಾರೆ. ತೆರಿಗೆ ಸುಮಾರು ಶೇ. 1 ಆದ್ದರಿಂದ ಉಳಿತಾಯ ವರ್ಷಕ್ಕೆ 200 ಡಾಲರ್ ಆಸುಪಾಸು. ಕಟ್ಟಡ ಪೂರ್ತಿ ಹೋದರೆ 800. ನಿವೇಶನದ ಲೆಕ್ಕವೇ ಬೇರೆ. ಅದಕ್ಕೆ ತೆರಿಗೆ ಕಟ್ಟುತ್ತಲೇ ಇರಬೇಕು. ದುರಂತ ನಡೆದ ತಿಂಗಳ ಮೊದಲ ದಿನದಿಂದ ಲೆಕ್ಕ ಹಿಡಿದು, ಹೆಚ್ಚು ಕಟ್ಟಿದ್ದರೆ ಮರಳಿಸುತ್ತಾರೆ.

ಸುಟ್ಟ ಮನೆಯನ್ನು ಮೊದಲಿದ್ದಂತೆಯೇ ಕಟ್ಟಿಕೊಂಡರೆ ಹಳೆಯ ಮೌಲ್ಯವೇ ಮರಳುತ್ತದೆ. ಹೆಚ್ಚುವರಿ ಕೋಣೆ ಸೇರಿಸಿದರೆ ಆ ಭಾಗಕ್ಕೆ ಈಗಿನ ಬೆಲೆ. ಗುಟ್ಟಾಗಿ ಕಟ್ಟಿಕೊಳ್ಳುವ ಯೋಚನೆ ಇದ್ದವರಿಗೆ ಒಂದು ಮಾತು: ಹೊಸ ಕೋಣೆ, ಈಜುಕೊಳಗಳನ್ನು ಹುಡುಕುವುದಕ್ಕೂ ಅಸೆಸರ್ ಕಚೇರಿಗಳು ಇವೇ ವೈಮಾನಿಕ ಚಿತ್ರಗಳನ್ನು ಬಳಸುತ್ತವೆ.